ನೆಲದಡಿ ಮೆಟ್ರೊ: ನಮ್ಮೂರಿನಲ್ಲಿ ಕಷ್ಟ ಕೊಡುವುದು ಬಂಡೆಯೇ?

ಗುಟ್ಟಹಳ್ಳಿಯವಳು · ಶನಿವಾರ ರಾತ್ರಿ 9.10

ನಮ್ಮ ಮನೆ ಇರುವುದು ಬೆಂಗಳೂರಿನ ಅರಮನೆ ಗುಟ್ಟಹಳ್ಳಿಯಲ್ಲಿ. ಸರ್ಜಾಪುರದಿಂದ ಹೆಬ್ಬಾಳಕ್ಕೆ ಬರುವ ಕೆಂಪು ಮಾರ್ಗದ ಪ್ರಸ್ತಾಪದಲ್ಲಿ ಸುಮಾರು 14 ಕಿ.ಮೀ. ನೆಲದಡಿಯಲ್ಲಿ ಹೋಗುತ್ತದೆ, ಅದರಲ್ಲಿ ನಮ್ಮ ಬಡಾವಣೆಯ ಹೆಸರೂ ಇದೆ ಎಂದು ಪತ್ರಿಕೆಯಲ್ಲಿ ಓದಿದ ದಿನದಿಂದ ಮನೆಯಲ್ಲಿ ಅದೇ ಮಾತು. ಅಪ್ಪನಿಗೆ ಸಂತೋಷ, ಅಮ್ಮನಿಗೆ ಭಯ. ನನಗೆ ಎರಡೂ ಇವೆ.

ಈಗಾಗಲೇ ನೆಲದಡಿ ಕೊರೆದಿರುವ ಗುಲಾಬಿ ಮಾರ್ಗದ ಸುದ್ದಿಗಳನ್ನು ಮತ್ತೆ ಹುಡುಕಿ ಓದಿದೆ. ಊರ್ಜಾ ಎಂಬ ಸುರಂಗ ಕೊರೆಯುವ ಯಂತ್ರ 2020ರ ಜುಲೈನಲ್ಲಿ ದಂಡು ನಿಲ್ದಾಣದಿಂದ ಹೊರಟು 2021ರ ಸೆಪ್ಟೆಂಬರ್ 22ರಂದು ಶಿವಾಜಿನಗರ ತಲುಪಿತು. ದೂರ 855 ಮೀಟರ್. ಲೆಕ್ಕ ಹಾಕಿದರೆ ದಿನಕ್ಕೆ ಎರಡು ಮೀಟರ್. ಇದೇ ಬಗೆಯ ಯಂತ್ರಗಳು ಒಳ್ಳೆಯ ನೆಲದಲ್ಲಿ ದಿನಕ್ಕೆ ಹತ್ತು ಮೀಟರಿಗೂ ಹೆಚ್ಚು ಸಾಗುತ್ತವೆಯಂತೆ. ಯಾರನ್ನು ಕೇಳಿದರೂ ‘ನಮ್ಮದು ಗಟ್ಟಿ ಬಂಡೆ, ಅದಕ್ಕೇ ನಿಧಾನ’ ಎನ್ನುತ್ತಾರೆ. ಆದರೆ ಗಟ್ಟಿ ಬಂಡೆಯಾದರೆ ಮೇಲಿನ ಮನೆಗಳಿಗೆ ಇನ್ನೂ ಭದ್ರವಲ್ಲವೇ? 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯ ಬಳಿ, ಕೆಳಗೆ ಸುರಂಗದ ಕೆಲಸ ನಡೆದಿದ್ದ ಕಡೆಯಲ್ಲಿ, ರಸ್ತೆ ಇದ್ದಕ್ಕಿದ್ದಂತೆ ಕುಸಿದು ಗುಂಡಿಯಾಯಿತಲ್ಲ, ಬಂಡೆ ಕುಸಿಯುತ್ತದೆಯೇ?

ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ. ಅಮ್ಮನಿಗೆ ಓದಿ ಹೇಳಬೇಕು.

ಸುರಂಗಿ · ಶನಿವಾರ ರಾತ್ರಿ 10.45

ಹನ್ನೆರಡು ವರ್ಷಗಳಿಂದ ಸುರಂಗದ ಕೆಲಸದಲ್ಲಿದ್ದೇನೆ. ಮೂರು ಊರುಗಳಲ್ಲಿ ಭೂತಂತ್ರಜ್ಞಾನ ಎಂಜಿನಿಯರ್ ಆಗಿ ದುಡಿದಿದ್ದೇನೆ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಬಂಡೆ ನಮ್ಮ ಶತ್ರುವಲ್ಲ. ಸುರಂಗದ ಮುಖ, ಅಂದರೆ ಯಂತ್ರದ ಎದುರಿಗಿರುವ ನೆಲ, ಪೂರ್ತಿ ಬಂಡೆಯೇ ಆಗಿದ್ದರೆ ಯಂತ್ರ ನಿಧಾನವಾಗಿ ಹೋದೀತು, ಆದರೆ ಮೇಲಿನ ಮನೆಯವರು ನಿಶ್ಚಿಂತೆಯಿಂದ ಮಲಗಬಹುದು. ಪೂರ್ತಿ ಮಣ್ಣೇ ಆಗಿದ್ದರೆ ಅದಕ್ಕೂ ಸರಿಯಾದ ವಿಧಾನವಿದೆ. ನಮ್ಮ ಊರಿನಲ್ಲಿ ಒಂದೇ ಮುಖದಲ್ಲಿ ಕೆಳಗಿನ ಅರ್ಧ ಬಂಡೆ, ಮೇಲಿನ ಅರ್ಧ ಸಡಿಲ ಮಣ್ಣು. ಎಲ್ಲ ತಾಪತ್ರಯವೂ ಶುರುವಾಗುವುದು ಅಲ್ಲಿಂದ.

ಯಂತ್ರದ ಮುಖವೆಂದರೆ ಸುಮಾರು 6.6 ಮೀಟರ್ ಅಡ್ಡಳತೆಯ ತಿರುಗುವ ಉಕ್ಕಿನ ತಟ್ಟೆ. ಅದರ ಮೇಲೆ ಉಕ್ಕಿನ ಕಟರ್ ಚಕ್ರಗಳು. ಬಂಡೆಯನ್ನು ಅವು ಕೊರೆಯುವುದಿಲ್ಲ. ಬಂಡೆಯ ಮೇಲೆ ಉರುಳುತ್ತಾ ಒತ್ತಿ ಚಕ್ಕೆ ಎಬ್ಬಿಸುತ್ತವೆ. ಉರುಳಬೇಕಾದರೆ ಎದುರಿಗೆ ಗಟ್ಟಿ ಹಿಡಿತ ಬೇಕು. ಮೇಲರ್ಧದಲ್ಲಿ ಮಣ್ಣಿದ್ದರೆ ಚಕ್ರ ಅಲ್ಲಿ ತಿರುಗುವುದೇ ಇಲ್ಲ, ಅಂಟು ಮಣ್ಣು ಮೆತ್ತಿಕೊಂಡು ಸ್ತಬ್ಧವಾಗಿಬಿಡುತ್ತದೆ. ಅದೇ ಚಕ್ರ ಕೆಳಗೆ ಬಂದಾಗ ಬಂಡೆಯ ಅಂಚಿಗೆ ಧಡ್ ಎಂದು ಬಡಿಯುತ್ತದೆ. ನಿಮಿಷಕ್ಕೆ ಹಲವು ಸಲ, ಗಂಟೆಗಟ್ಟಲೆ. ಹೊರಗೆ ತೆಗೆದ ಒಂದು ಚಕ್ರವನ್ನು ಕೈಯಲ್ಲಿ ಮುಟ್ಟಿ ನೋಡಿದ್ದೇನೆ. ಬಳೆಯ ಹಾಗೆ ದುಂಡಗಿರಬೇಕಾದ ಅಂಚು ಒಂದು ಪಕ್ಕದಲ್ಲಿ ಮಾತ್ರ, ಅಂಗೈ ಅಗಲದಷ್ಟು, ಮಟ್ಟಗೋಲು ಇಟ್ಟು ಕೊಯ್ದ ಹಾಗೆ ಚಪ್ಪಟೆಯಾಗಿತ್ತು. ತಿರುಗುವುದು ನಿಂತ ಮೇಲೂ ಎಳೆದಾಡಿದ್ದಕ್ಕೆ ಅದೇ ಸಾಕ್ಷಿ.

ಚಕ್ರ ಬದಲಿಸಲು ಮನುಷ್ಯರೇ ಒಳಗೆ ಹೋಗಬೇಕು. ಮುಖ ತಾನಾಗಿ ನಿಲ್ಲದ ನೆಲದಲ್ಲಿ ಒತ್ತಡದ ಗಾಳಿ ತುಂಬಿ ಮಣ್ಣನ್ನು ಹಿಡಿದಿಟ್ಟು, ಆ ಗಾಳಿಯೊಳಗೆ ಕುಳಿತು ನೂರು ಕಿಲೋಗಿಂತ ಭಾರದ ಚಕ್ರವನ್ನು ಬಿಚ್ಚಿ ಹಾಕಬೇಕು. ಹೊರಬರುವಾಗ ಮುಳುಗುಗಾರರ ಹಾಗೆ ಹಂತಹಂತವಾಗಿ ಒತ್ತಡ ಇಳಿಸಿಕೊಳ್ಳಬೇಕು. ದಿನಕ್ಕೆ ಎರಡು ಮೀಟರ್ ಎಂದರೆ ದಿನವೂ ಎರಡು ಮೀಟರ್ ಎಂದಲ್ಲ. ಕೆಲವು ದಿನ ಆರು, ಆಮೇಲೆ ವಾರಗಟ್ಟಲೆ ಸೊನ್ನೆ. ಮೊದಲ ಹಂತದಲ್ಲಿ ಚಿಕ್ಕಪೇಟೆ ಮತ್ತು ಮೆಜೆಸ್ಟಿಕ್ ನಡುವೆ ಗೋದಾವರಿ ಎಂಬ ಯಂತ್ರ ತಿಂಗಳುಗಟ್ಟಲೆ ನಿಂತದ್ದು ಹಳಬರಿಗೆ ನೆನಪಿರಬಹುದು.

ಈಗ ರಸ್ತೆ ಕುಸಿಯುವ ವಿಷಯ. ಕೆಳಗಿನ ಬಂಡೆ ಒಡೆಯಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ತಟ್ಟೆ ತಿರುಗುತ್ತಲೇ ಇರುತ್ತದೆ. ಮೇಲಿನ ಸಡಿಲ ಮಣ್ಣು ಸುಮ್ಮನೆ ಕಾಯುವುದಿಲ್ಲ, ಸುರಿದು ಒಳಗೆ ಬರುತ್ತದೆ. ಬರಬೇಕಾದದ್ದಕ್ಕಿಂತ ಹೆಚ್ಚು ಮಣ್ಣು ಬಂದರೆ ಯಂತ್ರದ ನೆತ್ತಿಯ ಮೇಲೆ ಟೊಳ್ಳು ಉಂಟಾಗುತ್ತದೆ. ಆ ಟೊಳ್ಳಿನ ಚಾವಣಿ ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಉದುರುತ್ತಾ ಮೇಲೇರುತ್ತದೆ. ಯಂತ್ರ ಮುಂದೆ ಹೋಗಿ ತಿಂಗಳಾದ ಮೇಲೆ ಒಂದು ದಿನ ಡಾಂಬರಿನ ಅಡಿಗೆ ತಲುಪುತ್ತದೆ.

ಹಾಸುಬಂಡೆ · ಭಾನುವಾರ ಬೆಳಿಗ್ಗೆ 6.30

ನಾನು ನಿವೃತ್ತ ಭೂವಿಜ್ಞಾನ ಅಧ್ಯಾಪಕ. ಸುರಂಗಿಯವರ ಮಾತಿಗೆ ನೆಲದ ಕಡೆಯಿಂದ ಒಂದಷ್ಟು ಸೇರಿಸುತ್ತೇನೆ.

ಲಾಲ್‌ಬಾಗಿನ ಬಂಡೆಯನ್ನು ಎಲ್ಲರೂ ಹತ್ತಿದ್ದೀರಿ. ಸುಮಾರು 300 ಕೋಟಿ ವರ್ಷಗಳ ನೈಸ್ ಶಿಲೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದನ್ನು ನೋಡಿದವರಿಗೆ ಬೆಂಗಳೂರಿನ ಅಡಿಯೆಲ್ಲ ಹೀಗೇ ಒಂದೇ ಹಾಸು ಇದ್ದೀತು ಎನ್ನಿಸುತ್ತದೆ. ಹಾಗಿಲ್ಲ. ಈ ಶಿಲೆಗೆ ಅಡ್ಡಡ್ಡ, ಉದ್ದುದ್ದ ಬಿರುಕುಗಳಿವೆ. ಲಕ್ಷಾಂತರ ವರ್ಷ ಮಳೆಯ ನೀರು ಆ ಬಿರುಕುಗಳಲ್ಲಿ ಇಳಿದು ಶಿಲೆಯನ್ನು ಕೊಳೆಸಿದೆ. ಶಿಲೆಯ ಖನಿಜಗಳಲ್ಲಿ ಫೆಲ್ಡ್‌ಸ್ಪಾರ್ ಕರಗಿ ಜೇಡಿಯಾಗಿದೆ, ಕ್ವಾರ್ಟ್ಸ್ ಮರಳಾಗಿ ಉಳಿದಿದೆ. ಚೌಕದ ಶಿಲಾಖಂಡಕ್ಕೆ ನೀರು ಎಲ್ಲ ಪಕ್ಕದಿಂದಲೂ ಬಂದಾಗ ಮೂಲೆಗಳು ಮೊದಲು ಸವೆಯುತ್ತವೆ. ಹೀಗೆ ಸವೆದು ಸವೆದು ನಡುವೆ ಉಳಿಯುವುದೇ ಗುಂಡುಕಲ್ಲು. ಸುತ್ತ ಮೆತ್ತಗಿನ ಮಣ್ಣು, ನಡುವೆ ಮನೆಯ ಕೋಣೆಯಷ್ಟು ದೊಡ್ಡ, ಸ್ವಲ್ಪವೂ ಕೊಳೆಯದ ಗುಂಡು. ಗಟ್ಟಿತನದಲ್ಲಿ ಅದು ಲಾಲ್‌ಬಾಗಿನ ಬಂಡೆಗೆ ಏನೇನೂ ಕಡಿಮೆಯಿಲ್ಲ. ಆದರೆ ಕಾಲೂರಲು ಅದಕ್ಕೆ ನೆಲವಿಲ್ಲ. ಯಂತ್ರ ತಳ್ಳಿದರೆ ಒಡೆಯುವ ಬದಲು ಮಣ್ಣಿನಲ್ಲಿ ಹೊರಳುತ್ತದೆ.

ಕಾಮಗಾರಿಗೆ ಮೊದಲು ಬೋರ್ ಕೊರೆದು ನೆಲದ ಮಾದರಿ ತೆಗೆಯುತ್ತಾರೆ. ಒಂದು ಬೋರಿನಲ್ಲಿ ಹದಿನೆಂಟು ಮೀಟರ್ ಕೆಳಗೂ ಮಣ್ಣು ಸಿಕ್ಕಬಹುದು, ಹತ್ತು ಹೆಜ್ಜೆಯ ಆಚೆ ಐದು ಮೀಟರಿಗೇ ಬಂಡೆ ಸಿಕ್ಕಬಹುದು. ಎರಡು ಬೋರುಗಳ ನಡುವೆ ನಕ್ಷೆಯಲ್ಲಿ ಎಳೆಯುವ ಗೆರೆ ನಮ್ಮ ಊಹೆ ಮಾತ್ರ. ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಆ ಗೆರೆಯನ್ನು ಪೆನ್ಸಿಲಿನಲ್ಲೇ ಎಳೆಯಲು ಹೇಳಿದ್ದೇನೆ.

ಇನ್ನೊಂದು ಸಂಗತಿ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೃಷ್ಣರಾಜೇಂದ್ರ ಮಾರುಕಟ್ಟೆ ಇರುವುದು ಸಿದ್ದಿಕಟ್ಟೆ ಕೆರೆಯ ಜಾಗದಲ್ಲಿ. ಕೆರೆ ಹೋದರೂ ನೀರಿಗೆ ಹಳೆಯ ದಾರಿ ಮರೆಯುವುದಿಲ್ಲ.

ಪ್ರಯಾಣಿಕ_57 · ಭಾನುವಾರ ಬೆಳಿಗ್ಗೆ 8.05

ಇಷ್ಟೆಲ್ಲ ಗೊತ್ತಿದ್ದೂ ನೆಲದಡಿಗೆ ಏಕೆ ಹೋಗಬೇಕು? ಎತ್ತರಿಸಿದ ಮಾರ್ಗಕ್ಕಿಂತ ಖರ್ಚು ಎರಡು ಮೂರು ಪಟ್ಟು. ಕಂಬದ ಮೇಲಿನ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ 2011ರಲ್ಲೇ ಓಡಿತು. ನೆಲದಡಿಯ ಭಾಗ ಜನರಿಗೆ ಸಿಕ್ಕಿದ್ದು ನೇರಳೆ ಮಾರ್ಗದಲ್ಲಿ 2016ರಲ್ಲಿ, ಹಸಿರು ಮಾರ್ಗದಲ್ಲಿ 2017ರಲ್ಲಿ. ಆ ವರ್ಷಗಳೆಲ್ಲ ನಾನು ಮೆಜೆಸ್ಟಿಕ್‌ನಲ್ಲಿ ತಗಡಿನ ಬೇಲಿಯ ಪಕ್ಕದ ಕೆಸರಿನಲ್ಲಿ ನಡೆದಿದ್ದೇನೆ. ನನಗೀಗ ಅರವತ್ತೇಳು. ಎತ್ತರಿಸಿದ ಮಾರ್ಗವಾದರೆ ನನ್ನ ಕಾಲದಲ್ಲೇ ಹತ್ತಬಹುದು ಎಂಬ ಆಸೆ.

ಸುರಂಗಿ · ಭಾನುವಾರ ಬೆಳಿಗ್ಗೆ 9.20

ಸರ್, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಚಿಕ್ಕಪೇಟೆಯಲ್ಲಿ ಕಂಬ ಎಲ್ಲಿ ನಿಲ್ಲಿಸುವುದು? ಟ್ಯಾನರಿ ರಸ್ತೆಯಲ್ಲಿ ಎದುರುಬದುರು ಮನೆಗಳ ಬಾಲ್ಕನಿಯವರು ಕೈ ಚಾಚಿದರೆ ಮುಟ್ಟುತ್ತಾರೆ. ಅಲ್ಲಿ ಮೇಲೆ ಹೋಗಬೇಕಾದರೆ ಸಾಲಾಗಿ ಮನೆ, ಅಂಗಡಿ, ಮಸೀದಿ, ದೇವಸ್ಥಾನ ಎಲ್ಲವನ್ನೂ ಕೆಡವಬೇಕು. ಗುಲಾಬಿ ಮಾರ್ಗದ 21 ಕಿ.ಮೀ.ಯಲ್ಲಿ 13.76 ಕಿ.ಮೀ. ನೆಲದಡಿಗೆ ಹೋದದ್ದು ಇದಕ್ಕೇ.

ನಿಮ್ಮ ಕಾಲಿಗೆ ಕೆಸರು ಮೆತ್ತಿಸಿದ್ದು ಸುರಂಗವಲ್ಲ, ನಿಲ್ದಾಣ. ಸುರಂಗ ಕಣ್ಣಿಗೆ ಬೀಳದೆ ಹೋಗುತ್ತದೆ. ನಿಲ್ದಾಣಕ್ಕೆ ಮಾತ್ರ ಮೇಲಿನಿಂದಲೇ ಇನ್ನೂರು ಮೀಟರ್ ಉದ್ದ, ಇಪ್ಪತ್ತು ಮೀಟರ್ ಆಳ ಅಗೆಯಬೇಕು. ಅಗೆಯುವ ಮೊದಲು ಆ ಜಾಗದ ಕುಡಿಯುವ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ದೂರವಾಣಿ ತಂತಿ ಎಲ್ಲವನ್ನೂ ಪಕ್ಕಕ್ಕೆ ಸರಿಸಬೇಕು. ಅವೆಲ್ಲ ಎಲ್ಲೆಲ್ಲಿವೆ ಎನ್ನುವ ನಕ್ಷೆ ಹಲವು ಕಡೆ ಲೈನ್‌ಮನ್‌ಗಳ ತಲೆಯಲ್ಲಿ ಮಾತ್ರ ಇದೆ. ಅವರು ನಿವೃತ್ತರಾದರೆ ನಕ್ಷೆಯೂ ನಿವೃತ್ತಿ. ಆಮೇಲೆ ಸುತ್ತ ಕಂಬಗಳ ಗೋಡೆ ಇಳಿಸಬೇಕು, ಬಂಡೆ ಸಿಕ್ಕ ಕಡೆ ಅಕ್ಕಪಕ್ಕದ ಗೋಡೆ ಅದುರದ ಹಾಗೆ ಅಳತೆಯ ಸಿಡಿಮದ್ದು ಇಟ್ಟು ಒಡೆಯಬೇಕು. ಕಾಮರಾಜ ರಸ್ತೆ ವರ್ಷಗಟ್ಟಲೆ ಮುಚ್ಚಿದ್ದು ಎಂ.ಜಿ. ರಸ್ತೆ ನಿಲ್ದಾಣದ ಇಂಥ ಅಗೆತಕ್ಕಾಗಿ.

2012ರಲ್ಲಿ ಮಾರುಕಟ್ಟೆಯ ಕೋಟೆಯ ಬಳಿ ಅಗೆಯುವಾಗ ಟಿಪ್ಪು ಕಾಲದವು ಎನ್ನಲಾದ ಕಬ್ಬಿಣದ ಫಿರಂಗಿಗಳು ಸಿಕ್ಕಿದವು. ಕೆಲಸ ನಿಂತಿತು, ಪುರಾತತ್ತ್ವದವರು ಬಂದರು. ನಿಲ್ಲಲೇಬೇಕಿತ್ತು. ಆ ದಿನಗಳ ವಿಳಂಬಕ್ಕೆ ನನಗೆ ಯಾವ ಬೇಸರವೂ ಇಲ್ಲ.

ಗಂಗೆಯ_ದಡ · ಭಾನುವಾರ ಮಧ್ಯಾಹ್ನ 1.15

ಕೋಲ್ಕತ್ತದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇರುವ ಧಾರವಾಡದವನು. ಇಲ್ಲಿನ ಅನುಭವ ನಿಮಗೆ ಉಪಯೋಗವಾಗಬಹುದು.

ಇಲ್ಲಿ ನೆಲ ನಿಮ್ಮದಕ್ಕೆ ಪೂರ್ತಿ ತದ್ವಿರುದ್ಧ. ಬಂಡೆಯ ಮಾತೇ ಇಲ್ಲ, ಜೇಡಿ ಮತ್ತು ಮರಳು, ಅಡಿಯಲ್ಲಿ ನೀರು. ಹೂಗ್ಲಿ ನದಿಯ ಅಡಿಯಲ್ಲಿ 520 ಮೀಟರ್ ಸುರಂಗ ಕೊರೆಯುತ್ತಾರೆ ಎಂದಾಗ ನಾವೆಲ್ಲ ಉಸಿರು ಬಿಗಿ ಹಿಡಿದಿದ್ದೆವು. 2017ರಲ್ಲಿ ಯಂತ್ರಗಳು ನದಿಯನ್ನು ಒಂದು ತೊಂದರೆಯೂ ಇಲ್ಲದೆ ದಾಟಿದವು. ಅಪಾಯ ಕಾದಿದ್ದು ಯಾರೂ ಹೆದರದ ಕಡೆಯಲ್ಲಿ. 2019ರ ಆಗಸ್ಟ್ 31ರಂದು ಬೌಬಜಾರಿನ ಗಲ್ಲಿಗಳ ಕೆಳಗೆ ಚಂಡಿ ಎಂಬ ಯಂತ್ರ ನೀರಿನ ಪದರವೊಂದನ್ನು ತಾಕಿತು. ನೀರಿನ ಜೊತೆ ಮರಳು ಸುರಂಗಕ್ಕೆ ನುಗ್ಗಿತು. ಮೇಲೆ ದುರ್ಗಾ ಪಿತುರಿ ಲೇನಿನ ಹಳೆಯ ಮನೆಗಳು ಬಿರುಕು ಬಿಟ್ಟವು, ಕೆಲವು ಕುಸಿದವು. ನೂರಾರು ಜನ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಅದು ಅಕ್ಕಸಾಲಿಗರ ಕೇರಿ. ತಲೆಮಾರುಗಳಿಂದ ಅದೇ ಕುಲುಮೆ, ಅದೇ ಹೊಸ್ತಿಲು.

ಆ ಕೇರಿಯ ಒಬ್ಬರು ನನ್ನ ಪರಿಚಯದವರು. ಮನೆಯೊಳಗೆ ಹೋಗಿಬರಲು ಸ್ವಲ್ಪ ಹೊತ್ತು ಬಿಟ್ಟಾಗ ಅವರು ತಂದದ್ದು ಮನೆಯ ಪತ್ರ, ಮಗಳ ಅಂಕಪಟ್ಟಿ ಮತ್ತು ತಂದೆಯ ತಕ್ಕಡಿ. ಆ ತಕ್ಕಡಿಯನ್ನು ಬಾಡಿಗೆ ಕೋಣೆಯ ಕಿಟಕಿಯಲ್ಲಿ ನೇತುಹಾಕಿದ್ದನ್ನು ನೋಡಿದ್ದೇನೆ.

ಚಂಡಿ ಅಲ್ಲೇ ಸಿಕ್ಕಿಕೊಂಡಿತು. ಉಳಿದ ಭಾಗವನ್ನು ಜೊತೆಯ ಯಂತ್ರ ಊರ್ವಿ ಮುಗಿಸಿತು. ಅಷ್ಟಕ್ಕೇ ಮುಗಿಯಲಿಲ್ಲ, 2022ರ ಮೇ ಮತ್ತು ಅಕ್ಟೋಬರ್‌ನಲ್ಲಿ ಮತ್ತೆ ನೀರು ಸೋರಿ ಮತ್ತೆ ಬಿರುಕು. ಎಸ್‌ಪ್ಲನೇಡ್‌ನಿಂದ ಸಿಯಾಲ್ದಹವರೆಗಿನ ಆ ತುಂಡು ಕೊನೆಗೆ ತೆರೆದದ್ದು 2025ರ ಆಗಸ್ಟ್ 22ರಂದು. ನದಿಯಡಿಯ ಭಾಗ ಅದಕ್ಕೂ ಮೊದಲೇ, 2024ರ ಮಾರ್ಚ್‌ನಲ್ಲೇ ಓಡುತ್ತಿತ್ತು.

ನದಿ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಎಲ್ಲರೂ ಸಿದ್ಧರಾಗಿರುತ್ತಾರೆ. ಗಲ್ಲಿಯ ಕೆಳಗಿನ ನೀರು ಕಾಣುವುದಿಲ್ಲ. ಬೆಂಗಳೂರಿನಲ್ಲಿ ಹಾಗೆ ಕಾಣದಿರುವುದು ಯಾವುದು ಎಂದು ನೀವು ಮೊದಲು ಕೇಳಿಕೊಳ್ಳಬೇಕು.

ಗುಟ್ಟಹಳ್ಳಿಯವಳು · ಭಾನುವಾರ ಸಂಜೆ 5.40

ಗಂಗೆಯ ದಡದವರ ಕೊನೆಯ ಮಾತು ಓದಿದ ಮೇಲೆ ಒಂದು ವಿಷಯ ಹೇಳದೆ ಇರಲಾರೆ.

ನಮ್ಮ ಹಿತ್ತಿಲಿನಲ್ಲಿ ಒಂದು ಬಾವಿ ಇತ್ತು. ತಾತನ ಕಾಲದ್ದು. ನಾನು ಹುಟ್ಟುವ ಮೊದಲೇ ಮುಚ್ಚಿಸಿದರು. ಈಗ ಅದರ ಮೇಲೆ ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲಿ ಬಾಡಿಗೆಯವರ ಸ್ನಾನದ ಮನೆ. ಕೆಲವು ವರ್ಷಗಳ ಹಿಂದೆ ಪಕ್ಕದ ನಿವೇಶನದಲ್ಲಿ ನೆಲಮಾಳಿಗೆ ಅಗೆಯುವ ಮೊದಲು ಅವರ ಕಡೆಯ ಎಂಜಿನಿಯರ್ ಬಾಗಿಲಿಗೆ ಬಂದು ‘ಅಮ್ಮ, ನಿಮ್ಮ ಕಡೆ ಹಳೆಯ ಬಾವಿ ಏನಾದರೂ ಇದೆಯೇ?’ ಎಂದು ಕೇಳಿದ್ದರು. ಅಮ್ಮ ‘ಇಲ್ಲಪ್ಪ’ ಎಂದುಬಿಟ್ಟರು. ನಾನು ಒಳಗೆ ಇದ್ದೆ, ಕೇಳಿಸಿಕೊಂಡೆ, ಸುಮ್ಮನಿದ್ದೆ. ಬಾವಿ ಇದೆ ಎಂದರೆ ಬಾಡಿಗೆಯವರ ಸ್ನಾನದ ಮನೆ ಕೆಡವಬೇಕಾದೀತು, ಯಾವುದೋ ಕಚೇರಿಯಿಂದ ನೋಟಿಸ್ ಬಂದೀತು ಎಂಬ ಹೆದರಿಕೆ ಅವರಿಗೆ. ಮೂರನೆಯ ವಾರ ನಮ್ಮ ಕಾಂಪೌಂಡ್ ಗೋಡೆ ಅವರ ಗುಂಡಿಯ ಕಡೆಗೆ ವಾಲಿತು. ಬಾವಿಗೆ ತುಂಬಿದ್ದರಲ್ಲಿ ಅರ್ಧ ಭಾಗ ಕಪ್ಪು ಕೆಸರಾಗಿ ಅವರ ಗುಂಡಿಗೆ ಇಳಿದಿತ್ತು. ಅದೃಷ್ಟಕ್ಕೆ ಕೆಲಸಗಾರರು ಊಟಕ್ಕೆ ಮೇಲೆ ಬಂದಿದ್ದ ಹೊತ್ತು.

ಆ ಮಧ್ಯಾಹ್ನ ನೆನಪಾದರೆ ಈಗಲೂ ಮೈ ನಡುಗುತ್ತದೆ. ಮೆಟ್ರೊ ಸರ್ವೆಯವರು ಬಂದರೆ ನಮ್ಮ ಬೀದಿಯಲ್ಲಿ ಎಷ್ಟು ಮನೆಯವರು ‘ಇಲ್ಲಪ್ಪ’ ಎನ್ನುತ್ತಾರೋ.

ಬಾವಿಕಟ್ಟೆ · ಭಾನುವಾರ ರಾತ್ರಿ 8.25

ತಂಗಿ, ನಿಮ್ಮ ತಾಯಿಯವರನ್ನು ಬೈಯಬೇಡಿ. ಎಲ್ಲರೂ ಹಾಗೇ ಹೇಳುತ್ತಾರೆ.

ನಮ್ಮದು ಬಾವಿ ತೋಡುವ ಮಣ್ಣು ವಡ್ಡರ ಮನೆತನ. ನನ್ನ ತಂದೆ, ಅವರ ತಂದೆ ಈ ಊರಿನಲ್ಲಿ ತೋಡಿದ ಬಾವಿಗಳಿಗೆ ಲೆಕ್ಕವಿಲ್ಲ. ನಾನೂ ತೋಡುತ್ತೇನೆ, ಈಗ ಹೆಚ್ಚಾಗಿ ಇಂಗು ಬಾವಿ. ಇಲ್ಲಿ ಎಂಜಿನಿಯರರು ಬರೆದದ್ದನ್ನು ಮಗನ ಕೈಯಲ್ಲಿ ಓದಿಸಿಕೊಂಡು ಕೇಳಿದೆ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ. ಗುಂಡುಕಲ್ಲಿನ ಮಾತು ಖರೆ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಬಿಳಿಚಿಕೊಂಡ ಮರಳು ಮಣ್ಣು, ಆಮೇಲೆ ಗುಂಡು. ಗುಂಡು ಸಿಕ್ಕರೆ ನಾವು ಒಡೆಯುತ್ತಿರಲಿಲ್ಲ, ಬಾವಿಯನ್ನೇ ಎರಡು ಮೊಳ ಸರಿಸುತ್ತಿದ್ದೆವು. ಯಂತ್ರಕ್ಕೆ ಹಾಗೆ ಸರಿಯಲು ಆಗುವುದಿಲ್ಲ.

ಹಳೆಯ ಬಡಾವಣೆಗಳ ಬಾವಿ ಮೂವತ್ತು, ನಲವತ್ತು ಅಡಿ. ಬೇಸಿಗೆಯಲ್ಲಿ ನೀರು ಕೆಳಗೆ ಹೋದಾಗ ಮತ್ತೆ ಹತ್ತು ಅಡಿ ಇಳಿಸಿದ ಬಾವಿಗಳೂ ಇವೆ. ಮನೆಗೆ ನಲ್ಲಿ ಬಂತು, ಬಾವಿ ಬೇಡವಾಯಿತು. ಮುಚ್ಚಿದ್ದು ಹೇಗೆ? ಮನೆ ಕೆಡವಿದ ಇಟ್ಟಿಗೆ ಚೂರು, ತೆಂಗಿನ ಗರಿ, ಹಳೆಯ ಹಾಸಿಗೆ, ಕಸ. ಮೇಲೆ ಒಂದು ಗಾಡಿ ಮಣ್ಣು. ಗರಿ ಕೊಳೆತ ಮೇಲೆ ಒಳಗೆ ಪೊಳ್ಳು. ನೀರು ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ನಿಂತಿರುತ್ತದೆ. ಬೇಸಿಗೆಯಲ್ಲಿ ಎಲ್ಲ ಕಡೆ ಹುಲ್ಲು ಒಣಗಿದ್ದರೂ ಒಂದು ದುಂಡನೆಯ ಜಾಗದಲ್ಲಿ ಹಸಿರಿದ್ದರೆ ಕೆಳಗೆ ಬಾವಿ ಇದೆ ಎಂದೇ ತಿಳಿಯಿರಿ. ನೆಲದ ಕಲ್ಲುಚಪ್ಪಡಿ ಮಳೆಗಾಲ ಕಳೆದ ಮೇಲೆ ದುಂಡಗೆ ತಗ್ಗಿದರೂ ಅಷ್ಟೇ.

ಸುರಂಗದ ನೆತ್ತಿ ಎಷ್ಟು ಅಡಿ ಕೆಳಗೆ ಇರುತ್ತದೆ ಎಂದು ಸುರಂಗಿ ಮೇಡಂ ಹೇಳಬೇಕು.

ಸುರಂಗಿ · ಭಾನುವಾರ ರಾತ್ರಿ 11.50

ಅಣ್ಣಾ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಹಳಿ ಇರುವುದು ಹದಿನೈದು ಇಪ್ಪತ್ತು ಮೀಟರ್ ಆಳದಲ್ಲಿ. ಸುರಂಗದ ನೆತ್ತಿ ಅದಕ್ಕಿಂತ ಐದಾರು ಮೀಟರ್ ಮೇಲೆ. ಅಂದರೆ ಹಲವು ಕಡೆ ಮೂವತ್ತೈದರಿಂದ ಐವತ್ತು ಅಡಿ. ನಿಮ್ಮ ನಲವತ್ತು ಅಡಿಯ ಬಾವಿಯ ತಳ, ನಮ್ಮ ಸುರಂಗದ ನೆತ್ತಿ, ಎರಡೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಯಂತ್ರಕ್ಕೆ ಎದುರಾಗುವ ಮಣ್ಣಿನ ಗೋಡೆಯಲ್ಲಿ ಅಲ್ಲೊಂದು ಕಿಂಡಿ ಮೊದಲೇ ತೆರೆದಿರುತ್ತದೆ.

ಒಂದು ಘಟನೆ ಹೇಳುತ್ತೇನೆ. ಬೇರೊಂದು ಊರಿನಲ್ಲಿ, ರಾತ್ರಿ ಪಾಳಿ. ನಮ್ಮ ಯಂತ್ರ ಬೆಂಟೊನೈಟ್ ಎಂಬ ಜೇಡಿ ಬೆರೆಸಿದ ಕೆಸರುನೀರನ್ನು ಒತ್ತಡದಲ್ಲಿ ಮುಖಕ್ಕೆ ತುಂಬಿ ಮಣ್ಣನ್ನು ಹಿಡಿಯುವ ಬಗೆಯದು. ಪರದೆಯ ಮೇಲೆ ಒತ್ತಡದ ಗೆರೆ ನೆಟ್ಟಗೆ ಇತ್ತು. ಎರಡೂವರೆಗೆ ಇದ್ದಕ್ಕಿದ್ದಂತೆ ಬಾಗಿತು. ಎಷ್ಟು ಪಂಪ್ ಮಾಡಿದರೂ ಏರುತ್ತಿಲ್ಲ. ಕೆಸರು ಎಲ್ಲೋ ಹೋಗುತ್ತಿತ್ತು. ಮೇಲೆ ಕಾವಲಿದ್ದ ಹುಡುಗ ಫೋನ್ ಮಾಡಿ, ಒಂದು ಮನೆಯ ಅಂಗಳದಲ್ಲಿ ತುಳಸಿ ಕಟ್ಟೆಯ ಪಕ್ಕ ಬೂದು ಬಣ್ಣದ ನೀರು ಉಕ್ಕುತ್ತಿದೆ ಎಂದ. ಓಡಿದೆವು. ಮನೆಯ ಅಜ್ಜಿ ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದರು. ‘ಇಲ್ಲಿ ಬಾವಿ ಇತ್ತು, ನಾನು ಈ ಮನೆಗೆ ಬಂದ ವರ್ಷ ಮುಚ್ಚಿದರು’ ಎಂದರು. ಅವರನ್ನು ಮೊದಲು ಯಾರೂ ಕೇಳಿರಲಿಲ್ಲ. ಸಿಮೆಂಟ್ ಹಾಲು ತುಂಬಿ ಬಾವಿಯನ್ನು ಗಟ್ಟಿ ಮಾಡಲು ಒಂಬತ್ತು ದಿನ ಹಿಡಿಯಿತು. ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಯಾವ ಊರಿಗೆ ಹೋದರೂ ನಾನು ಮೊದಲು ವಿಚಾರಿಸುವುದು ಆ ಬೀದಿಯ ಹಿರಿಯ ಹೆಂಗಸರನ್ನು. ನೀರು ಸೇದಿದವರು ಅವರು, ಬಾವಿಯ ಜಾಗ ಅವರಿಗೇ ಗೊತ್ತು.

ಉಪಕರಣಗಳು ಇಲ್ಲವೇ ಎಂದು ಕೇಳುತ್ತೀರಿ. ಇವೆ. ನೆಲದೊಳಕ್ಕೆ ರೇಡಿಯೋ ಅಲೆ ಕಳಿಸುವ ಯಂತ್ರವಿದೆ, ಆದರೆ ನಮ್ಮ ಒದ್ದೆ ಜೇಡಿಯಲ್ಲಿ ಅಲೆ ಕೆಲವೇ ಮೀಟರಿಗೆ ಸೋತುಹೋಗುತ್ತದೆ. ಕಂಪನದ ಅಲೆಯಿಂದ ನೋಡುವ ವಿಧಾನ ಇನ್ನೂ ಆಳಕ್ಕೆ ಹೋಗುತ್ತದೆ, ಆದರೆ ನಾಲ್ಕು ಅಡಿ ಅಗಲದ ಬಾವಿಯನ್ನು ಬಸ್ಸು, ಲಾರಿ ಓಡುವ ರಸ್ತೆಯಲ್ಲಿ ಅದು ಗುರುತಿಸುತ್ತದೆ ಎಂದು ಭರವಸೆ ಕೊಡಲಾರೆ. ಕೊಳವೆ ಬಾವಿಗಳದ್ದು ಇನ್ನೊಂದು ಗೋಳು. ಅದರ ಉಕ್ಕಿನ ಕೇಸಿಂಗ್ ಪೈಪು ಕಟರ್‌ಗೆ ಸುತ್ತಿಕೊಂಡರೆ ಮತ್ತೆ ಒಳಗೆ ಇಳಿಯಬೇಕು.

ಇಷ್ಟಾದ ಮೇಲೂ ನಮ್ಮ ಕೈಯಲ್ಲಿ ಇರುವುದು ಲೆಕ್ಕ. ಸುರಂಗದ ಒಳಗೋಡೆ ಎಂದರೆ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಜೋಡಿಸಿದ ಉಂಗುರ. ಒಂದು ಉಂಗುರ ಒಂದೂವರೆ ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಅಷ್ಟು ಮುಂದೆ ಹೋದರೆ ನೆಲದಿಂದ ಸುಮಾರು 51 ಘನ ಮೀಟರ್ ಬರಬೇಕು. ಬಂದದ್ದನ್ನು ಪ್ರತಿ ಉಂಗುರಕ್ಕೂ ತೂಗಬೇಕು. ಮಣ್ಣೂ ಬಂಡೆಯೂ ಬೆರೆತ ಕಡೆ ಬರಬೇಕಾದ ತೂಕವೇ ಉಂಗುರದಿಂದ ಉಂಗುರಕ್ಕೆ ಬದಲಾಗುತ್ತದೆ, ಹಾಗಾಗಿ ‘ಸ್ವಲ್ಪ ಹೆಚ್ಚು ಬಂತು, ಪರವಾಗಿಲ್ಲ’ ಎನ್ನುವ ಆಸೆ ದಣಿದ ಪಾಳಿಯಲ್ಲಿ ಯಾರಿಗಾದರೂ ಹುಟ್ಟುತ್ತದೆ. ಆಗ ನಿಲ್ಲಿಸುವ ಧೈರ್ಯ ಬೇಕು. ಉಂಗುರಕ್ಕೂ ಮಣ್ಣಿಗೂ ನಡುವೆ ಉಳಿಯುವ ಕೈಯಗಲದ ಸಂದಿಗೆ ಆಗಿಂದಾಗಲೇ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ, ತುಂಬಬೇಕು. ಮೇಲೆ ಮನೆಗಳ ಗೋಡೆಗೆ ಅಂಟಿಸಿದ ಪುಟ್ಟ ಪ್ರತಿಫಲಕಗಳನ್ನು ಗಂಟೆಗೊಮ್ಮೆ ಅಳೆಯಬೇಕು. ಯಂತ್ರ ದುರ್ಬಲ ಮನೆಯ ಕೆಳಗೆ ಹಾದುಹೋಗುವ ದಿನಗಳಲ್ಲಿ ಮನೆಯವರನ್ನು ಬೇರೆಡೆ ಇರಿಸುವುದೂ ಇದೆ. ಹೆದರಿಸಲು ಅಲ್ಲ, ನಾವು ನಿದ್ದೆ ಮಾಡಲು.

ಗಾಳಿಮನೆ · ಸೋಮವಾರ ಬೆಳಿಗ್ಗೆ 7.15

ಎಲ್ಲರೂ ಕೊರೆಯುವ ಮಾತನ್ನೇ ಆಡುತ್ತಿದ್ದೀರಿ. ನನ್ನ ಕೆಲಸ ಕೊರೆದ ಮೇಲೆ ಶುರು: ಗಾಳಿ, ಹೊಗೆ, ನೀರು. ಎರಡು ಸುರಂಗಗಳ ನಡುವೆ ಸುಮಾರು ಇನ್ನೂರೈವತ್ತು ಮೀಟರಿಗೊಂದು ಅಡ್ಡದಾರಿ ಬೇಕು. ಒಂದರಲ್ಲಿ ಬೆಂಕಿ ಬಿದ್ದರೆ ಜನ ಇನ್ನೊಂದಕ್ಕೆ ದಾಟಲು. ಆ ಅಡ್ಡದಾರಿಯನ್ನು ದೊಡ್ಡ ಯಂತ್ರ ಕೊರೆಯುವುದಿಲ್ಲ. ಹಾಕಿದ ಉಂಗುರವನ್ನು ಕತ್ತರಿಸಿ, ಬರಿಯ ಮಣ್ಣಿಗೆ ಮುಖ ಕೊಟ್ಟು, ಅಡಿ ಅಡಿಯಾಗಿ ಅಗೆಯಬೇಕು. ಬೌಬಜಾರಿನಲ್ಲಿ 2022ರ ಅಕ್ಟೋಬರ್‌ನಲ್ಲಿ ನೀರು ಬಂದದ್ದು ಅಡ್ಡದಾರಿಯ ಕೆಲಸದಲ್ಲೇ. ಕೊರೆದು ಮುಗಿಯಿತು ಎಂದು ಹಾರ ಹಾಕಿದ ಮೇಲೂ ಅಪಾಯ ಮುಗಿದಿರುವುದಿಲ್ಲ.

ನೀರಿನ ಬಗ್ಗೆ ಒಂದೇ ಮಾತು. 2025ರ ಮೇ 26ರಂದು ಮುಂಬೈನ ಆಚಾರ್ಯ ಅತ್ರೆ ಚೌಕ್ ನಿಲ್ದಾಣಕ್ಕೆ ಮಳೆನೀರು ನುಗ್ಗಿದ್ದನ್ನು ಎಲ್ಲರೂ ನೋಡಿದ್ದೀರಿ. ತೆರೆದು ತಿಂಗಳೂ ಆಗಿರಲಿಲ್ಲ. ನಮ್ಮ ರಾಜಕಾಲುವೆಗಳ ಸ್ಥಿತಿ ಗೊತ್ತಿರುವವರು ನೀರು ನುಗ್ಗದಿರಲೆಂದು ಎತ್ತರಿಸಿದ ನಿಲ್ದಾಣದ ಬಾಗಿಲಿಗೆ ಮೆಟ್ಟಿಲು ಹತ್ತಿ ಇಳಿಯಬೇಕು ಎಂದು ದೂರುವ ಮೊದಲು ಇದನ್ನು ನೆನೆಯಲಿ.

ಪ್ರಯಾಣಿಕ_57 · ಸೋಮವಾರ ಬೆಳಿಗ್ಗೆ 8.40

ಮೆಟ್ಟಿಲನ್ನು ನಾನೇ ದೂರುತ್ತಿದ್ದೆ, ಇನ್ನು ದೂರುವುದಿಲ್ಲ. ಆದರೆ ಒಂದು ಲೆಕ್ಕ ಹಾಕಿದೆ. ಗುಲಾಬಿ ಮಾರ್ಗದಲ್ಲಿ ಒಂಬತ್ತು ಯಂತ್ರಗಳು ಸೇರಿ ಹೋಗುವ ಬರುವ ಎರಡೂ ಸುರಂಗಗಳನ್ನು ಕೊರೆದದ್ದು ಸುಮಾರು 21 ಕಿ.ಮೀ. 2024ರ ಅಕ್ಟೋಬರ್ 30ರಂದು ಭದ್ರಾ ಎಂಬ ಯಂತ್ರ ನಾಗವಾರದಲ್ಲಿ ಹೊರಬಂದಾಗ ಅದು ಮುಗಿಯಿತು. ಸುರಂಗಿಯವರ ಅಳತೆ ಹಿಡಿದರೆ ನೆಲದಿಂದ ಬಂದದ್ದು 7 ಲಕ್ಷ ಘನ ಮೀಟರಿಗೂ ಹೆಚ್ಚು, ಸಡಿಲವಾದ ಮೇಲೆ ಇನ್ನೂ ಹೆಚ್ಚು. ನಿಲ್ದಾಣಗಳ ಅಗೆತ ಬೇರೆ. ಕೆಂಪು ಮಾರ್ಗಕ್ಕೂ ಇಷ್ಟೇ ಬರುತ್ತದೆ. ಇದೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲ ಲಾರಿ ಹೊರಡುವ ಮೊದಲೇ ಬರೆದಿಡಬೇಕು. ರಾತ್ರಿ ಲಾರಿ ಯಾವ ಕೆರೆಯ ಅಂಗಳದಲ್ಲಿ ಖಾಲಿಯಾಗುತ್ತದೆ ಎಂದು ಈ ಊರಿನಲ್ಲಿ ಕೇಳುವವರು ಕಡಿಮೆ.

ಹಾಸುಬಂಡೆ · ಸೋಮವಾರ ಸಂಜೆ 6.00

ಬಾವಿಗಳ ಮಾತಿಗೆ ಮತ್ತೆ ಬರುತ್ತೇನೆ. ಹಳೆಯ ಸರ್ವೆ ನಕ್ಷೆಗಳಲ್ಲಿ ಬಾವಿಗಳಿಗೆ ಗುರುತು ಇರುತ್ತಿತ್ತು. ಪತ್ರಾಗಾರದಲ್ಲಿ ಕುಳಿತು ನೋಡಲು ನನಗೆ ಸಮಯವಿದೆ. ಆದರೆ ನಕ್ಷೆಯ ನಂತರ ತೋಡಿದವು ಅದರಲ್ಲಿ ಇಲ್ಲ, ಅವು ಇರುವುದು ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿ. ಕೋರಮಂಗಲ, ಟೌನ್‌ಹಾಲ್, ಗುಟ್ಟಹಳ್ಳಿ, ಗಂಗಾನಗರದ ಕಡೆ ಮನೆ ಇರುವವರು ಇಲ್ಲೇ ಬರೆಯಿರಿ. ಮನೆ ಸಂಖ್ಯೆ, ಹೆಸರು ಬೇಡ. ಬೀದಿ, ಆಳ, ಯಾವಾಗ ಮುಚ್ಚಿದ್ದು, ಏನು ತುಂಬಿದ್ದು, ಇಷ್ಟೇ ಸಾಕು. ಯಂತ್ರ ಬರಲು ಇನ್ನೂ ವರ್ಷಗಳಿವೆ. ಪಟ್ಟಿ ದೊಡ್ಡದಾದ ಮೇಲೆ ಸರ್ವೆಯವರ ಕೈಗೆ ನಾನೇ ತಲುಪಿಸುತ್ತೇನೆ.

ಗುಟ್ಟಹಳ್ಳಿಯವಳು · ಮಂಗಳವಾರ ರಾತ್ರಿ 9.30

ಮೇಷ್ಟರೇ, ನಿನ್ನೆ ರಾತ್ರಿ ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ದೀಪ ಹಿಡಿದ ಅಜ್ಜಿಯ ಭಾಗ ಬಂದಾಗ ಮತ್ತೊಮ್ಮೆ ಓದು ಎಂದರು. ಏನೂ ಹೇಳದೆ ಎದ್ದು ಹೋದರು. ಬೆಳಿಗ್ಗೆ ನೋಡಿದರೆ ಅಪ್ಪನನ್ನು ಅಟ್ಟ ಹತ್ತಿಸಿದ್ದಾರೆ. ಅಲ್ಲಿಂದ ಮರದ ರಾಟೆ ಮತ್ತು ಸುರುಳಿ ಸುತ್ತಿದ ಹಗ್ಗ ಇಳಿಯಿತು. ಮೂವತ್ತೆಂಟು ವರ್ಷದಿಂದ ಅಲ್ಲೇ ಇತ್ತಂತೆ. ಹಗ್ಗವನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ ಅಪ್ಪನ ಟೇಪಿನಿಂದ ಅಳೆದೆವು. ಕೈಯಲ್ಲಿ ಹಿಡಿಯಲು ಬಿಟ್ಟ ತುದಿಗೆ ಗಂಟು ಹಾಕಿದ್ದರು, ಅದನ್ನು ಕಳೆದು 43 ಅಡಿ. ಬೇಸಿಗೆಯಲ್ಲಿ ಕೊಡ ತಳ ಮುಟ್ಟುತ್ತಿತ್ತು ಎಂದು ಅಮ್ಮ ಹೇಳಿದರು.

ಪಟ್ಟಿಗೆ ಬರೆದುಕೊಳ್ಳಿ.

ಅರಮನೆ ಗುಟ್ಟಹಳ್ಳಿ, ನಮ್ಮ ಬೀದಿ. ಹಿತ್ತಿಲ ಬಾವಿ, ಆಳ 43 ಅಡಿ, ಬಾಯಿ ಐದು ಅಡಿ, ಕಲ್ಲು ಕಟ್ಟಡ. ತುಂಬಿದ್ದು ಅಡುಗೆಮನೆ ಕೆಡವಿದ ಇಟ್ಟಿಗೆ, ತೆಂಗಿನ ಗರಿ, ಮೇಲೆ ಮಣ್ಣು. ಅರ್ಧ ಭಾಗ ಪಕ್ಕದ ಗುಂಡಿಗೆ ಹರಿದ ಮೇಲೆ ಮತ್ತೆ ತುಂಬಿಸಿದ್ದು ಜಲ್ಲಿ.

ಅದೇ ಬೀದಿಯಲ್ಲಿ ಇನ್ನೂ ಮೂರು ಇದ್ದವು ಎಂದು ಅಮ್ಮ ಹೇಳುತ್ತಿದ್ದಾರೆ. ಎರಡು ಮನೆಯವರು ಈಗ ಊರಿನಲ್ಲಿಲ್ಲ. ಮೂರನೆಯ ಮನೆಯವರನ್ನು ಕೇಳಲು ನಾಳೆ ಸಂಜೆ ಅವರೇ ಹೋಗುತ್ತಾರಂತೆ.